ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಹಾರ್ಮೋನ್ ತಡೆಯುವ ಮಾತ್ರೆ: ಬೇಕೋ ಬೇಡವೋ ಅಂತ ತೀರ್ಮಾನ ಮಾಡೋದು ಹೇಗೆ?

ಆಪರೇಷನ್ ಆಯಿತು, ಕೀಮೋ ಆಯಿತು, ರೇಡಿಯೇಷನ್ನೂ ಆಯಿತು. ಸದ್ಯ ಮುಗಿಯಿತಲ್ಲ ಅಂದುಕೊಳ್ಳುವ ಹೊತ್ತಿಗೆ ಡಾಕ್ಟರು ಇನ್ನೊಂದು ಚೀಟಿ ಬರೆದುಕೊಡುತ್ತಾರೆ. ದಿನಕ್ಕೊಂದು ಮಾತ್ರೆ, 5 ವರ್ಷ. ಯಾಕೆ, ಏನು ಅಂತ ಬಾಯಿ ಬಿಡುವಷ್ಟರಲ್ಲಿ ಮುಂದಿನವರ ಹೆಸರು ಕೂಗಿ ಆಗಿರುತ್ತದೆ. ಮನೆಗೆ ಬಂದರೆ ಒಬ್ಬರು ಅದರಿಂದ ಗರ್ಭಕೋಶದ ಕ್ಯಾನ್ಸರ್ ಬರುತ್ತಂತೆ ಅನ್ನುತ್ತಾರೆ, ಇನ್ನೊಬ್ಬರು ಮೂಳೆ ಸವೆದು ಹೋಗುತ್ತೆ ಅನ್ನುತ್ತಾರೆ, ಮತ್ತೊಬ್ಬರು ಎಲ್ಲ ಗೆಡ್ಡೆನೂ ತೆಗೆದ ಮೇಲೆ ಮಾತ್ರೆ ಯಾಕೆ ಬೇಕು ಅಂತ ಕೇಳುತ್ತಾರೆ.

ನಾನು ಡಾಕ್ಟರ್ ಅಲ್ಲ. ನಮ್ಮ ಚಿಕ್ಕಮ್ಮನ ಚಿಕಿತ್ಸೆಯ ಉದ್ದಕ್ಕೂ ಜೊತೆಗಿದ್ದೆ. ಆಮೇಲೆ ಇದೇ ಪ್ರಶ್ನೆ ಹಿಡಿದುಕೊಂಡು ಫೋನ್ ಮಾಡಿದ ಎಷ್ಟೋ ಹೆಂಗಸರ ಜೊತೆ ಮಾತಾಡಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಾರ್ಮೋನ್ ಪಾಸಿಟಿವ್, ಅಂದರೆ ಹಾರ್ಮೋನ್‌ನಿಂದ ಬೆಳೆಯುವ ಕ್ಯಾನ್ಸರ್ ಇರುವ ಬಹುತೇಕ ಹೆಂಗಸರು ಈ ಮಾತ್ರೆ ಶುರು ಮಾಡುವುದೇ ಸರಿ. ಆದರೆ ಹೆದರಿಕೊಂಡೋ ಯಾರೋ ಹೇಳಿದರು ಅಂತಲೋ ಅಲ್ಲ, ನಿಮ್ಮದೇ ರಿಪೋರ್ಟ್ ನೋಡಿ, ನಿಮ್ಮದೇ ಲೆಕ್ಕ ಕೇಳಿ ಶುರು ಮಾಡಬೇಕು. ಆಗ ಮಾತ್ರ ಎರಡನೇ ವರ್ಷ ಕೀಲು ನೋವು ಬಂದಾಗ ಇದನ್ನು ಯಾಕೆ ನುಂಗುತ್ತಿದ್ದೇನೆ ಅಂತ ನಿಮಗೇ ಗೊತ್ತಿರುತ್ತದೆ.

ಮೊದಲು ಫೈಲ್ ತೆಗೆಯಿರಿ

ನಿಮ್ಮ ಫೈಲಿನಲ್ಲಿ ಐಎಚ್‌ಸಿ ಅಂತ ಒಂದು ರಿಪೋರ್ಟ್ ಇರುತ್ತದೆ. ಬಯಾಪ್ಸಿ ಆದಾಗ ಅಥವಾ ಆಪರೇಷನ್ ಆದ ಮೇಲೆ ಕೊಟ್ಟಿರುತ್ತಾರೆ. ಅದರಲ್ಲಿ ಇಆರ್, ಪಿಆರ್, ಹರ್-2 ಅಂತ ಸಾಲುಗಳಿರುತ್ತವೆ. ಈ ಮಾತ್ರೆಗೆ ಮುಖ್ಯವಾದದ್ದು ಮೊದಲೆರಡು, ಹರ್-2 ಬೇರೆ ಒಂದು ಪ್ರೋಟೀನ್. ಇಆರ್ ಅಂದರೆ ಕ್ಯಾನ್ಸರ್ ಕಣದೊಳಗೆ ಈಸ್ಟ್ರೋಜನ್ ಹಾರ್ಮೋನ್ ಬಂದು ಕೂರುವ ಜಾಗ ಇದೆಯಾ ಅಂತ. ಪಿಆರ್ ಅಂದರೆ ಪ್ರೊಜೆಸ್ಟರಾನ್‌ಗೆ ಅಂಥದ್ದೇ ಜಾಗ. ಪಕ್ಕದಲ್ಲಿ ಶೇಕಡಾ ಎಷ್ಟು ಅಂತ ಬರೆದಿರುತ್ತಾರೆ. ಕೆಲವು ಲ್ಯಾಬಿನವರು ಆಲ್‌ರೆಡ್ ಸ್ಕೋರ್ ಅಂತ 8ಕ್ಕೆ ಎಷ್ಟು ಅಂತಲೂ ಕೊಡುತ್ತಾರೆ. ‘ಇಆರ್ 90%, ಆಲ್‌ರೆಡ್ 8/8’ ಅಂತಿದ್ದರೆ ಈ ಮಾತ್ರೆಗೆ ನಿಮ್ಮಲ್ಲಿ ಒಳ್ಳೆಯ ಕೆಲಸವಿದೆ. 1ರಿಂದ 10% ಒಳಗೆ ಇದ್ದರೆ ಅದನ್ನು ಲೋ ಪಾಸಿಟಿವ್ ಅನ್ನುತ್ತಾರೆ. ಅಲ್ಲಿ ಲಾಭ ಎಷ್ಟು ಅನ್ನುವುದು ಅಷ್ಟು ಖಚಿತವಿಲ್ಲ, ಹಾಗಾಗಿ ಡಾಕ್ಟರ ಹತ್ತಿರ ಬಿಡಿಸಿ ಕೇಳಲೇಬೇಕು. ಇಆರ್, ಪಿಆರ್ ಎರಡೂ ನೆಗೆಟಿವ್ ಇದ್ದರೆ ಈ ಮಾತ್ರೆಯಿಂದ ನಿಮಗೆ ಉಪಯೋಗವಿಲ್ಲ, ಇಲ್ಲಿಗೆ ಓದುವುದು ನಿಲ್ಲಿಸಬಹುದು.

ಅದೇ ಫೈಲಿನಿಂದ ಇನ್ನೂ ಮೂರು ವಿಷಯ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಗೆಡ್ಡೆ ಎಷ್ಟು ಸೆಂಟಿಮೀಟರ್ ಇತ್ತು, ಕಂಕುಳಿನ ಎಷ್ಟು ಗಂಟುಗಳಲ್ಲಿ ಕ್ಯಾನ್ಸರ್ ಸಿಕ್ಕಿತು, ಗ್ರೇಡ್ (ಕ್ಯಾನ್ಸರ್ ಕಣಗಳು ಎಷ್ಟು ಬಿರುಸಿನವು ಅನ್ನುವ ಅಂಕ) ಎಷ್ಟು. ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಮಾತ್ರೆ ಒಂದೇ ಥರದ್ದಲ್ಲ

ಟ್ಯಾಮಾಕ್ಸಿಫೆನ್ ಹಳೆಯದು. 1960ರ ದಶಕದಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಗರ್ಭ ತಡೆಯುವ ಔಷಧಿ ಹುಡುಕುವಾಗ ಸಿಕ್ಕಿದ್ದು. 1977ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ಕಿತು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಇದು ಈಸ್ಟ್ರೋಜನ್ ಕೂರುವ ಜಾಗದಲ್ಲಿ ತಾನು ಮೊದಲೇ ಕೂತುಬಿಡುತ್ತದೆ. ಮೈಯಲ್ಲಿ ಈಸ್ಟ್ರೋಜನ್ ಇದ್ದರೂ ಕ್ಯಾನ್ಸರ್ ಕಣಕ್ಕೆ ಅದು ತಲುಪುವುದಿಲ್ಲ. ಅದಕ್ಕೇ ಮುಟ್ಟು ನಿಂತವರಿಗೂ ನಿಲ್ಲದವರಿಗೂ ಕೊಡಬಹುದು. ದಿನಕ್ಕೆ 20 ಮಿಲಿಗ್ರಾಂ.

ಇನ್ನೊಂದು ಗುಂಪು ಲೆಟ್ರೊಜೋಲ್, ಅನಾಸ್ಟ್ರೊಜೋಲ್, ಎಕ್ಸಿಮೆಸ್ಟೇನ್. ಮುಟ್ಟು ನಿಂತ ಮೇಲೂ ಕೊಬ್ಬು, ಸ್ನಾಯು ಇಂಥ ಕಡೆ ಸ್ವಲ್ಪ ಸ್ವಲ್ಪ ಈಸ್ಟ್ರೋಜನ್ ತಯಾರಾಗುತ್ತಲೇ ಇರುತ್ತದೆ. ಈ ಮಾತ್ರೆಗಳು ಆ ತಯಾರಿಯನ್ನೇ ನಿಲ್ಲಿಸುತ್ತವೆ. ಮುಟ್ಟು ನಿಂತವರಲ್ಲಿ ಇವು ಟ್ಯಾಮಾಕ್ಸಿಫೆನ್‌ಗಿಂತ ಸ್ವಲ್ಪ ಮೇಲು. ಆದರೆ ಅಂಡಾಶಯ ಇನ್ನೂ ಕೆಲಸ ಮಾಡುತ್ತಿದ್ದರೆ ಇವು ಒಂಟಿಯಾಗಿ ಸಾಲದು. ಅಂಥವರಿಗೆ ಅಂಡಾಶಯ ಸುಮ್ಮನಿರಿಸಲು ಗೊಸೆರೆಲಿನ್ ಅಥವಾ ಲ್ಯೂಪ್ರೊಲೈಡ್ ಇಂಜೆಕ್ಷನ್ ಜೊತೆಗೆ ಬೇಕು, ಇಲ್ಲವೇ ಆಪರೇಷನ್ ಮಾಡಿ ಅಂಡಾಶಯ ತೆಗೆಯಬೇಕು.

ಇಲ್ಲಿ ಒಂದು ವಿಷಯಕ್ಕೆ ನೀವೇ ಎಚ್ಚರವಾಗಿರಬೇಕು. ನಲವತ್ತರ ಆಸುಪಾಸಿನವರಿಗೆ ಕೀಮೋ ಕೊಟ್ಟಾಗ ಮುಟ್ಟು ನಿಲ್ಲುತ್ತದೆ. ಅದು ನಿಜವಾಗಿಯೂ ನಿಂತಿದ್ದೇ ಅಂತ ಹೇಳಲಾಗುವುದಿಲ್ಲ. ಎಷ್ಟೋ ತಿಂಗಳು ಬಿಟ್ಟು ಅಂಡಾಶಯ ಮತ್ತೆ ಎಚ್ಚರವಾಗಬಹುದು. ‘ಮುಟ್ಟು ನಿಂತಿದೆಯಾ?’ ಅಂತ ಕೇಳಿದಾಗ ಸುಮ್ನೆ ಹೂಂ ಅಂದುಬಿಟ್ಟು, ಅದರ ಮೇಲೆ ಬರೀ ಲೆಟ್ರೊಜೋಲ್ ಬರೆಸಿಕೊಂಡು ಬಂದರೆ ರಕ್ಷಣೆಯೇ ಇಲ್ಲದ ಹಾಗೆ ಆಗಬಹುದು, ಗರ್ಭ ನಿಲ್ಲುವ ಸಾಧ್ಯತೆಯೂ ಇದೆ. ‘ಕೀಮೋ ಶುರುವಾದ ಮೇಲೆ ನಿಂತಿದ್ದು ಡಾಕ್ಟ್ರೇ, ಅದಕ್ಕೆ ಮುಂಚೆ ತಿಂಗಳು ತಿಂಗಳು ಆಗ್ತಿತ್ತು’ ಅಂತ ಪೂರ್ತಿ ಹೇಳಿ. ರಕ್ತದಲ್ಲಿ ಈಸ್ಟ್ರಾಡಯಾಲ್, ಎಫ್‌ಎಸ್‌ಎಚ್ (ಅಂಡಾಶಯ ಕೆಲಸ ಮಾಡುತ್ತಿದೆಯಾ ಅಂತ ಸೂಚಿಸುವ ಹಾರ್ಮೋನ್‌ಗಳು) ನೋಡಬೇಕಾ ಅಂತ ಕೇಳಿ. ಗರ್ಭಕೋಶ ಮಾತ್ರ ತೆಗೆಸಿ ಅಂಡಾಶಯ ಉಳಿಸಿಕೊಂಡವರಿಗೂ ಇದೇ ಮಾತು. ನಮ್ಮ ಕಡೆ ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡವರು ತುಂಬ ಜನ ಇದ್ದಾರೆ, ಅವರಿಗೆ ಮುಟ್ಟು ಬರದಿದ್ದರೂ ಅಂಡಾಶಯ ಕೆಲಸ ಮಾಡುತ್ತಿರಬಹುದು.

ನನಗೆ ಎಷ್ಟು ಲಾಭ ಅನ್ನುವ ಲೆಕ್ಕ

ಗೆಡ್ಡೆ ತೆಗೆದ ಮೇಲೂ ಕಣ್ಣಿಗೆ, ಸ್ಕ್ಯಾನಿಗೆ ಕಾಣದಷ್ಟು ಸಣ್ಣ ಕಣಗಳು ಮೈಯಲ್ಲಿ ಎಲ್ಲೋ ಉಳಿದಿರಬಹುದು. ಹಾರ್ಮೋನ್ ಪಾಸಿಟಿವ್ ಕ್ಯಾನ್ಸರಿನ ಗುಣವೇ ಹಾಗೆ, ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಏಳುತ್ತದೆ. 2017ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ, 5 ವರ್ಷ ಮಾತ್ರೆ ಮುಗಿಸಿ ಆರೋಗ್ಯವಾಗಿದ್ದವರಲ್ಲೂ, ಗೆಡ್ಡೆ 2 ಸೆಂಟಿಮೀಟರ್ ಒಳಗಿದ್ದು ಕಂಕುಳಿಗೆ ಹರಡಿರದಿದ್ದ ಗುಂಪಿನಲ್ಲಿ, 5ನೇ ವರ್ಷದಿಂದ 20ನೇ ವರ್ಷದೊಳಗೆ ಬೇರೆ ಅಂಗಕ್ಕೆ ಹರಡಿದ್ದು 100ರಲ್ಲಿ 13 ಜನಕ್ಕೆ. ಅಷ್ಟೇ ಗೆಡ್ಡೆಯಿದ್ದು 4ರಿಂದ 9 ಗಂಟುಗಳಿಗೆ ತಗುಲಿದ್ದವರಲ್ಲಿ 34 ಜನಕ್ಕೆ. ‘ಎಲ್ಲ ತೆಗೆದಾಯ್ತಲ್ಲ’ ಅನ್ನುವವರಿಗೆ ಇದನ್ನೇ ಹೇಳಬೇಕು.

ಮಾತ್ರೆ ಇದನ್ನು ಎಷ್ಟು ತಡೆಯುತ್ತದೆ? 20 ಪ್ರಯೋಗಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಇಆರ್ ಪಾಸಿಟಿವ್ ಇದ್ದು ಸುಮಾರು 5 ವರ್ಷ ಟ್ಯಾಮಾಕ್ಸಿಫೆನ್ ತೆಗೆದುಕೊಂಡವರಲ್ಲಿ 15 ವರ್ಷದೊಳಗೆ ಸ್ತನ ಕ್ಯಾನ್ಸರಿನಿಂದ ತೀರಿಕೊಂಡವರು 100ಕ್ಕೆ ಸುಮಾರು 24. ತೆಗೆದುಕೊಳ್ಳದವರಲ್ಲಿ ಸುಮಾರು 33. ಮಾತ್ರೆ ನಿಲ್ಲಿಸಿದ ಮೇಲೂ ಅದರ ಲಾಭ ವರ್ಷಗಟ್ಟಲೆ ಉಳಿಯುತ್ತದೆ. ಅವು ಹಳೆಯ ಕಾಲದ ಪ್ರಯೋಗಗಳು, ಈಗ ಬೇರೆ ಚಿಕಿತ್ಸೆಯೂ ಸುಧಾರಿಸಿದೆ. ಹಾಗಾಗಿ ಅಂಕಿಗಳನ್ನು ನಿಮಗೆ ಹಾಗೇ ಹಚ್ಚಿಕೊಳ್ಳಬೇಡಿ. ಮರುಕಳಿಸುವುದು ಸರಿಸುಮಾರು ಶೇಕಡಾ 40ರಷ್ಟು ಕಡಿಮೆಯಾಗುತ್ತದೆ ಅಂತ ಇಟ್ಟುಕೊಂಡರೆ ಸಾಕು.

ಆದರೆ ಬರೀ ‘ಶೇಕಡಾ 40 ಕಡಿಮೆ’ ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ. ಎಷ್ಟರಲ್ಲಿ 40? ಅರ್ಥವಾಗಲಿ ಅಂತ ಒಂದು ಲೆಕ್ಕ ಹಾಕೋಣ. ಒಬ್ಬರ ಗೆಡ್ಡೆ ದೊಡ್ಡದು, ಗಂಟಿಗೂ ಹರಡಿತ್ತು, ಮಾತ್ರೆ ಇಲ್ಲದಿದ್ದರೆ ಅಂಥ 100 ಜನರಲ್ಲಿ 30 ಜನಕ್ಕೆ ಮತ್ತೆ ಬರುತ್ತದೆ ಅಂದುಕೊಳ್ಳಿ. ಮಾತ್ರೆ ತೆಗೆದುಕೊಂಡರೆ ಅದು 18ಕ್ಕೆ ಇಳಿಯುತ್ತದೆ. 12 ಜನ ಉಳಿದುಕೊಂಡರು. ಇನ್ನೊಬ್ಬರದು ತೀರಾ ಸಣ್ಣ ಗೆಡ್ಡೆ, ಅಂಥ 100ರಲ್ಲಿ 5 ಜನಕ್ಕೆ ಮಾತ್ರ ಮತ್ತೆ ಬರುತ್ತದೆ ಅಂದರೆ ಮಾತ್ರೆ ಅದನ್ನು 3ಕ್ಕೆ ಇಳಿಸುತ್ತದೆ. ಉಳಿದವರು 2 ಜನ. ಮಾತ್ರೆ ಅದೇ, ಆ ಶೇಕಡಾವೂ ಅದೇ. ಆದರೆ ಮೊದಲನೆಯವರು ಬೇಡ ಅಂದರೆ ನನಗೆ ಭಯವಾಗುತ್ತದೆ, ಎರಡನೆಯವರಿಗೆ 78 ವರ್ಷ ವಯಸ್ಸಾಗಿ ಮೂಳೆ ಆಗಲೇ ಸವೆದಿದ್ದು ಅವರು ಬೇಡ ಅಂದರೆ ಅದರಲ್ಲೂ ಅರ್ಥವಿದೆ.

ಹಾಗಾಗಿ ಡಾಕ್ಟರ ಹತ್ತಿರ ಕೇಳಬೇಕಾದ ಪ್ರಶ್ನೆ ಹೀಗಿರಲಿ: ‘ಡಾಕ್ಟ್ರೇ, ನನ್ನಂಥ ರಿಪೋರ್ಟ್ ಇರುವ 100 ಜನ ಮಾತ್ರೆ ತೊಗೊಳ್ಳದಿದ್ರೆ 10 ವರ್ಷದಲ್ಲಿ ಎಷ್ಟು ಜನಕ್ಕೆ ವಾಪಸ್ ಬರುತ್ತೆ? ತೊಗೊಂಡ್ರೆ ಎಷ್ಟು ಜನಕ್ಕೆ?’ ಇದೊಂದು ಪ್ರಶ್ನೆಗೆ ಉತ್ತರ ಸಿಗದೆ ಎದ್ದು ಬರಬೇಡಿ. ಕೇಂಬ್ರಿಜ್ ವಿಶ್ವವಿದ್ಯಾಲಯದವರು ಮಾಡಿದ ಪ್ರೆಡಿಕ್ಟ್ ಅನ್ನುವ ಲೆಕ್ಕದ ಸಾಧನ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ವಯಸ್ಸು, ಗೆಡ್ಡೆಯ ಅಳತೆ, ಗ್ರೇಡ್, ಗಂಟು, ಇಆರ್, ಹರ್-2 ಹಾಕಿದರೆ ಮಾತ್ರೆಯಿಂದ ಬದುಕುಳಿಯುವ ಸಾಧ್ಯತೆ ಎಷ್ಟು ಹೆಚ್ಚುತ್ತದೆ ಅಂತ ತೋರಿಸುತ್ತದೆ. ಅದು ಬ್ರಿಟನ್ನಿನ ಹೆಂಗಸರ ಮಾಹಿತಿಯ ಮೇಲೆ ಕಟ್ಟಿದ್ದು, ನಮಗೆ ಅಂದಾಜು ಮಾತ್ರ. ಒಬ್ಬರೇ ರಾತ್ರಿ ಕೂತು ನೋಡಬೇಡಿ, ಡಾಕ್ಟರ ಜೊತೆ ನೋಡಿ. ಆಂಕೊಟೈಪ್ ಅಥವಾ ಬೆಂಗಳೂರಿನಲ್ಲೇ ತಯಾರಾದ ಕ್ಯಾನ್‌ಅಸಿಸ್ಟ್ ಪರೀಕ್ಷೆ (ಗೆಡ್ಡೆಯ ತುಣುಕು ನೋಡಿ ಕ್ಯಾನ್ಸರ್ ಮರುಕಳಿಸುವ ಅಂದಾಜು ಹೇಳುವಂಥದ್ದು) ಮಾಡಿಸಿ ‘ಲೋ ರಿಸ್ಕ್’ ಬಂದಿದ್ದರೆ ಖುಷಿ ಪಡಿ. ಆದರೆ ಅದರ ಅರ್ಥ ಕೀಮೋ ಬೇಡ ಅಂತ, ಮಾತ್ರೆ ಬೇಡ ಅಂತ ಅಲ್ಲ. ಆ ‘ಲೋ ರಿಸ್ಕ್’ ಅನ್ನುವುದೇ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತೀರಿ ಅಂತ ಇಟ್ಟುಕೊಂಡು ಹಾಕಿದ ಲೆಕ್ಕ.

ತೊಂದರೆಗಳು, ಮತ್ತು ಅವಕ್ಕೆ ಏನು ಮಾಡಬಹುದು

ಗರ್ಭಕೋಶದ ಕ್ಯಾನ್ಸರ್ ವಿಷಯ ಮೊದಲು, ಯಾಕೆಂದರೆ ಎಲ್ಲರೂ ಹೆದರಿಸುವುದು ಅದನ್ನೇ. ಅದು ಟ್ಯಾಮಾಕ್ಸಿಫೆನ್‌ಗೆ ಸಂಬಂಧಿಸಿದ್ದು, ಲೆಟ್ರೊಜೋಲ್ ಗುಂಪಿಗೆ ಅಲ್ಲ. ಅಪಾಯ ಹೆಚ್ಚುವುದು ಮುಖ್ಯವಾಗಿ ಮುಟ್ಟು ನಿಂತವರಲ್ಲಿ. ಅಮೆರಿಕದ ಒಂದು ದೊಡ್ಡ ಪ್ರಯೋಗದಲ್ಲಿ, ವರ್ಷಕ್ಕೆ 1000 ಹೆಂಗಸರಲ್ಲಿ ಸುಮಾರು 1 ಇದ್ದದ್ದು 2ಕ್ಕಿಂತ ಸ್ವಲ್ಪ ಜಾಸ್ತಿ ಆಯಿತು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಕ್ಷಣ ತೋರಿಸಿ. ಹಾಗೆ ತೋರಿಸಿದವರಲ್ಲಿ ಇದು ಸಾಮಾನ್ಯವಾಗಿ ಬೇಗ ಸಿಗುತ್ತದೆ, ಗುಣವೂ ಆಗುತ್ತದೆ. ಏನೂ ತೊಂದರೆಯಿಲ್ಲದಿದ್ದರೂ ವರ್ಷ ವರ್ಷ ಸ್ಕ್ಯಾನ್ ಮಾಡಿಸಿ ‘ಒಳಪದರ ದಪ್ಪ ಇದೆ’ ಅಂತ ಗಾಬರಿಯಾಗುವವರಿದ್ದಾರೆ. ಟ್ಯಾಮಾಕ್ಸಿಫೆನ್ ತೆಗೆದುಕೊಂಡರೆ ಆ ಪದರ ದಪ್ಪ ಕಾಣುವುದು ಸಾಮಾನ್ಯ, ಅಷ್ಟಕ್ಕೇ ಕ್ಯಾನ್ಸರ್ ಅಲ್ಲ.

ಇನ್ನೊಂದು ರಕ್ತ ಹೆಪ್ಪುಗಟ್ಟುವುದು. ಇದೂ ಟ್ಯಾಮಾಕ್ಸಿಫೆನ್‌ದೇ. ಒಂದೇ ಕಾಲಿನ ಮೀನಖಂಡ ಊದಿ ನೋವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಹಿಂದೆ ಯಾವಾಗಾದರೂ ಹೀಗೆ ಹೆಪ್ಪುಗಟ್ಟಿದ್ದರೆ ಮಾತ್ರೆ ಬರೆಯುವ ಮುಂಚೆಯೇ ಹೇಳಬೇಕು. ದೊಡ್ಡ ಆಪರೇಷನ್ ಇದ್ದರೂ ಮೊದಲೇ ತಿಳಿಸಿ.

ಲೆಟ್ರೊಜೋಲ್ ಗುಂಪಿನಲ್ಲಿ ದಿನದಿನ ಕಾಡುವುದು ಕೀಲು ನೋವು. ನಮ್ಮ ಚಿಕ್ಕಮ್ಮನಿಗೆ ಬೆಳಗ್ಗೆ ಎದ್ದಾಗ ಬೆರಳು ಮಡಚಲು ಆಗುತ್ತಿರಲಿಲ್ಲ. ಕಾಫಿಪುಡಿ ಡಬ್ಬಿಯ ಮುಚ್ಚಳ ತೆಗೆಯಲು ಚಿಕ್ಕಪ್ಪನನ್ನು ಕರೆಯಬೇಕಿತ್ತು. ನೆಲದ ಮೇಲೆ ಕೂತರೆ ಏಳುವಾಗ ಗೋಡೆ ಹಿಡಿಯಬೇಕು. ಒಂದು ಗಂಟೆ ಓಡಾಡಿದ ಮೇಲೆ ಸ್ವಲ್ಪ ಸಡಿಲ. ಸುಮಾರು ಅರ್ಧದಷ್ಟು ಹೆಂಗಸರಿಗೆ ಒಂದಲ್ಲ ಒಂದು ಮಟ್ಟದಲ್ಲಿ ಹೀಗಾಗುತ್ತದೆ. ಇದಕ್ಕೆ ವಿಶ್ರಾಂತಿಯಲ್ಲ ಮದ್ದು, ಓಡಾಟ. ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ, ಜೊತೆಗೆ ವಾರಕ್ಕೆ ಎರಡು ದಿನ ತೂಕ ಎತ್ತುವಂಥ ವ್ಯಾಯಾಮ ಮಾಡಿಸಿದ ಪ್ರಯೋಗದಲ್ಲಿ ನೋವು ನಿಜವಾಗಿಯೂ ಇಳಿದಿದೆ. ಅದರಿಂದಲೂ ಆಗದಿದ್ದರೆ ಅದೇ ಗುಂಪಿನ ಇನ್ನೊಂದು ಮಾತ್ರೆಗೆ ಬದಲಾಯಿಸುತ್ತಾರೆ. ಲೆಟ್ರೊಜೋಲ್ ಒಗ್ಗದವರಿಗೆ ಎಕ್ಸಿಮೆಸ್ಟೇನ್ ಒಗ್ಗಿದ್ದುಂಟು. ಅದೂ ಆಗದಿದ್ದರೆ ಟ್ಯಾಮಾಕ್ಸಿಫೆನ್ ಇದೆ. ಚಿಕ್ಕಮ್ಮನಿಗೆ ಮಾತ್ರೆ ಬದಲಾಯಿಸಿದ ಮೇಲೆ ನೋವು ಪೂರ್ತಿ ಹೋಗಲಿಲ್ಲ, ಆದರೆ ಡಬ್ಬಿ ತಾನೇ ತೆಗೆಯುವಷ್ಟಾಯಿತು.

ಎಲ್ಲ ನೋವಿಗೂ ಮಾತ್ರೆಯೇ ಕಾರಣ ಅಲ್ಲ ಅನ್ನುವುದೂ ಗೊತ್ತಿರಲಿ. ಕ್ಯಾನ್ಸರ್ ತಡೆಯಲು ಅನಾಸ್ಟ್ರೊಜೋಲ್ ಕೊಟ್ಟು ನೋಡಿದ ಐಬಿಐಎಸ್-2 ಪ್ರಯೋಗದಲ್ಲಿ ಕೀಲು, ಸ್ನಾಯು ತೊಂದರೆ ಹೇಳಿಕೊಂಡವರು ಶೇಕಡಾ 64. ಔಷಧಿಯೇ ಇಲ್ಲದ ಮಾತ್ರೆ ನುಂಗಿದವರಲ್ಲೂ ಶೇಕಡಾ 58 ಜನ ಹೇಳಿಕೊಂಡರು. ಹಾಗಂತ ಮನೆಯವರು ಇದನ್ನು ಹಿಡಿದುಕೊಂಡು ‘ನಿಂದು ಬರೀ ಭ್ರಮೆ’ ಅನ್ನಬಾರದು. ನೋವು ನೋವೇ. ವಿಟಮಿನ್ ಡಿ, ಥೈರಾಯ್ಡ್ ಕೂಡ ನೋಡಿಸಿ ಅನ್ನುವುದಕ್ಕೆ ಹೇಳಿದೆ.

ಲೆಟ್ರೊಜೋಲ್ ಗುಂಪು ಮೂಳೆ ಸವೆಸುವುದು ನಿಜ. ಮೂಳೆಯ ಗಟ್ಟಿತನ ಅಳೆಯಲು ಡೆಕ್ಸಾ ಸ್ಕ್ಯಾನ್ ಇದೆ. ಲೆಟ್ರೊಜೋಲ್ ಗುಂಪಿನ ಮಾತ್ರೆ ಶುರು ಮಾಡುವಾಗಲೇ ಒಂದು ಮಾಡಿಸಿ, ಆಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಂದು. ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಮೂಳೆ ಸವೆತ ಅಂತ ಲೆಕ್ಕ. ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕೇ ಬೇಕು, ರಾಗಿ ತಿನ್ನುವವರಾದರೆ ಬಿಡಬೇಡಿ. 6 ತಿಂಗಳಿಗೊಮ್ಮೆ ಕೊಡುವ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಬಗ್ಗೆ ಕೇಳಿ. ಮುಟ್ಟು ನಿಂತವರಲ್ಲಿ ಅದು ಮೂಳೆಗೆ ಕ್ಯಾನ್ಸರ್ ಹರಡುವುದನ್ನೂ ಸ್ವಲ್ಪ ತಡೆಯುತ್ತದೆ. ಹಲ್ಲು ಕೀಳಿಸುವುದಿದ್ದರೆ ಆ ಇಂಜೆಕ್ಷನ್‌ಗೆ ಮುಂಚೆಯೇ ಮುಗಿಸಿಕೊಳ್ಳಿ.

ಮೈ ಬಿಸಿಯಾಗಿ ಬೆವರುವುದು ಎರಡೂ ಗುಂಪಿನಲ್ಲಿದೆ. ತಡೆಯಲಾಗದಿದ್ದರೆ ವೆನ್ಲಾಫ್ಯಾಕ್ಸಿನ್, ಗ್ಯಾಬಾಪೆಂಟಿನ್ ಥರದ ಔಷಧಿ ಕೊಡುತ್ತಾರೆ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ವಿಷಯ. ಯೋನಿ ಒಣಗುತ್ತದೆ, ಗಂಡನ ಜೊತೆ ಸೇರುವಾಗ ನೋವಾಗುತ್ತದೆ, ಆಸೆಯೇ ಇಲ್ಲದ ಹಾಗಾಗುತ್ತದೆ. ಗಂಡಸು ಡಾಕ್ಟರ ಎದುರು, ಪಕ್ಕದಲ್ಲಿ ಮಗ ಕೂತಿರುವಾಗ ಇದನ್ನು ಹೇಳುವುದು ಹೇಗೆ ಅಲ್ವಾ? ನರ್ಸಮ್ಮನ ಹತ್ತಿರ ಹೇಳಿ, ಅಥವಾ ಚೀಟಿಯಲ್ಲಿ ಬರೆದುಕೊಡಿ. ಹಾರ್ಮೋನ್ ಇಲ್ಲದ ಜೆಲ್, ಮಾಯಿಶ್ಚರೈಸರ್ ಸಿಗುತ್ತವೆ, ನಿಯಮಿತವಾಗಿ ಹಚ್ಚಿದರೆ ಅನುಕೂಲವಾಗುತ್ತದೆ. ಈಸ್ಟ್ರೋಜನ್ ಇರುವ ಕ್ರೀಮನ್ನು ಮಾತ್ರ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಹೆಂಗಸರು ಸದ್ದಿಲ್ಲದೆ ಮಾತ್ರೆ ಬಿಡುವುದಕ್ಕೆ ಇದೂ ಒಂದು ದೊಡ್ಡ ಕಾರಣ ಅಂತ ನನ್ನ ಅನಿಸಿಕೆ.

ಇನ್ನೂ ಮನಸ್ಸು ಒಪ್ಪದಿದ್ದರೆ

5 ವರ್ಷಕ್ಕೆ ಇವತ್ತೇ ಮಾತು ಕೊಡಬೇಕಾಗಿಲ್ಲ. ಮೂರು ತಿಂಗಳು ತೆಗೆದುಕೊಂಡು ನೋಡುತ್ತೇನೆ ಅಂತ ಡಾಕ್ಟರಿಗೆ ಹೇಳಿ. ಒಂದು ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ ನಿದ್ದೆ, ನೋವು, ಬೆವರು, ಮನಸ್ಸು ಹೇಗಿದೆ ಅಂತ ಎರಡು ಸಾಲು ಬರೆಯಿರಿ. ಮಾತ್ರೆ ಶುರುವಾಗುವ ಮುಂಚಿನ ವಾರದ್ದೂ ಬರೆದಿಡಿ, ಹೋಲಿಸಲು ಬೇಕು. ಮಾತ್ರೆ ತೊಂದರೆ ಕೊಟ್ಟರೆ ನಿಲ್ಲಿಸಬಹುದು, ಬದಲಾಯಿಸಬಹುದು. ಆದರೆ ಶುರುವೇ ಮಾಡದಿದ್ದರೆ ನಿಮಗೆ ಒಗ್ಗುತ್ತಿತ್ತಾ ಇಲ್ಲವಾ ಅಂತ ಗೊತ್ತೇ ಆಗುವುದಿಲ್ಲ, ಎಷ್ಟೋ ಜನಕ್ಕೆ ದೊಡ್ಡ ತೊಂದರೆಯೇ ಆಗುವುದಿಲ್ಲ.

ಒಂದೇ ಒಂದು ವಿಷಯಕ್ಕೆ ಕೈಮುಗಿದು ಕೇಳಿಕೊಳ್ಳುತ್ತೇನೆ. ಬಿಡುವುದಾದರೆ ಹೇಳಿ ಬಿಡಿ. ಡಾಕ್ಟರ್ ಬೈತಾರೆ, ಮಗಳು ಅಳ್ತಾಳೆ ಅಂತ ‘ತೊಗೊಳ್ತಿದೀನಿ’ ಅಂದುಕೊಂಡು ಮಾತ್ರೆಯನ್ನು ಡ್ರಾಯರಿನಲ್ಲಿ ಕೂಡಿಡುವವರನ್ನು ನೋಡಿದ್ದೇನೆ. ಹೇಳಿದ್ದರೆ ಬೇರೆ ದಾರಿ ಇರುತ್ತಿತ್ತು.

ಕೆಲವರ ವಿಷಯ ಬೇರೆ

ಮಗು ಬೇಕು ಅನ್ನುವವರು: ಮಾತ್ರೆ ತೆಗೆದುಕೊಳ್ಳುವಾಗ ಗರ್ಭ ನಿಲ್ಲಬಾರದು, ಮಗುವಿಗೆ ಅಪಾಯ. ಹಾರ್ಮೋನ್ ಇಲ್ಲದ ಕಾಪರ್-ಟಿ ಅಥವಾ ಕಾಂಡೋಮ್ ಬಳಸಬೇಕು. ಆದರೆ ಮಗುವಿನ ಆಸೆ ಬಿಡಬೇಕಾಗಿಲ್ಲ. ಪಾಸಿಟಿವ್ ಅನ್ನುವ ಪ್ರಯೋಗದಲ್ಲಿ 42 ವರ್ಷದೊಳಗಿನ ಹೆಂಗಸರು ಒಂದೂವರೆಯಿಂದ ಎರಡೂವರೆ ವರ್ಷ ಮಾತ್ರೆ ತೆಗೆದುಕೊಂಡು, ಆಮೇಲೆ 2 ವರ್ಷದವರೆಗೆ ನಿಲ್ಲಿಸಿ ಗರ್ಭಕ್ಕೆ ಪ್ರಯತ್ನಿಸಿದರು. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ ಮೊದಲ 3 ವರ್ಷದಲ್ಲಿ ಅವರಲ್ಲಿ ಕ್ಯಾನ್ಸರ್ ಮರಳಿದ್ದು ನಿಲ್ಲಿಸದವರಿಗಿಂತ ಜಾಸ್ತಿ ಇರಲಿಲ್ಲ. ಇನ್ನೂ ದೀರ್ಘ ಕಾಲದ ಫಲಿತಾಂಶ ಬರಬೇಕಿದೆ. ಮದುವೆಯಾಗದ ಹುಡುಗಿಯರು ಇದನ್ನು ಕೇಳಲು ಸಂಕೋಚ ಪಡಬಾರದು, ಅಮ್ಮಂದಿರೇ ಮುಂದೆ ನಿಂತು ಕೇಳಬೇಕು.

ಡಿಸಿಐಎಸ್, ಅಂದರೆ ನಾಳದೊಳಗೇ ಇದ್ದು ಹೊರಗೆ ಹರಡದ ಕ್ಯಾನ್ಸರ್ ಇದ್ದವರು: ನಿಮ್ಮಲ್ಲಿ ಮಾತ್ರೆ ಅದೇ ಸ್ತನದಲ್ಲಿ ಮತ್ತೆ ಬರುವುದನ್ನೂ ಇನ್ನೊಂದು ಸ್ತನದಲ್ಲಿ ಬರುವುದನ್ನೂ ಕಡಿಮೆ ಮಾಡುತ್ತದೆ, ಆಯುಸ್ಸು ಹೆಚ್ಚಿಸುತ್ತದೆ ಅಂತ ಸಾಬೀತಾಗಿಲ್ಲ. ಎರಡೂ ಸ್ತನ ತೆಗೆಸಿದ್ದರೆ ಬೇಕಾಗುವುದೇ ಇಲ್ಲ. ಇಲ್ಲಿ ಬೇಡ ಅನ್ನಲು ನಿಮಗೆ ಜಾಸ್ತಿ ಜಾಗವಿದೆ.

ಬೇರೆ ಮಾತ್ರೆ, ಕಷಾಯ, ದುಡ್ಡು

ಟ್ಯಾಮಾಕ್ಸಿಫೆನ್ ಲಿವರಿನಲ್ಲಿ ಬದಲಾದ ಮೇಲೆಯೇ ಸರಿಯಾಗಿ ಕೆಲಸ ಮಾಡುವುದು. ಪ್ಯಾರಾಕ್ಸಿಟಿನ್, ಫ್ಲುಆಕ್ಸಿಟಿನ್ ಅನ್ನುವ ಖಿನ್ನತೆಯ ಮಾತ್ರೆಗಳು ಆ ಬದಲಾವಣೆಗೆ ಅಡ್ಡ ಬರುತ್ತವೆ. ಮಾನಸಿಕ ಆರೋಗ್ಯಕ್ಕೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ, ಬೇರೆ ಮಾತ್ರೆಗೆ ಬದಲಾಯಿಸುತ್ತಾರೆ. ಅರಿಶಿನದ ಕರ್ಕ್ಯುಮಿನ್ ಕ್ಯಾಪ್ಸೂಲ್ ಕೂಡ ಹೀಗೇ. 2019ರಲ್ಲಿ ನೆದರ್‌ಲ್ಯಾಂಡ್ಸಿನ ಒಂದು ಸಣ್ಣ ಅಧ್ಯಯನದಲ್ಲಿ ಅದು ರಕ್ತದಲ್ಲಿ ಈ ಔಷಧಿಯ ಮಟ್ಟ ಇಳಿಸಿದ್ದು ಕಂಡಿದೆ. ಸಾರಿಗೆ, ಪಲ್ಯಕ್ಕೆ ಹಾಕುವ ಅರಿಶಿನಕ್ಕೆ ಹೆದರಬೇಡಿ, ಕ್ಯಾಪ್ಸೂಲ್ ಮಾತ್ರ ಬೇಡ. ಶತಾವರಿ, ಅಶ್ವಗಂಧ, ಯಾರೋ ಕೊಟ್ಟ ಪುಡಿ ಏನೇ ಇದ್ದರೂ ಡಬ್ಬಿ ಸಮೇತ ಒಯ್ದು ತೋರಿಸಿ.

ಖರ್ಚಿನ ಭಯದಿಂದ ಬಿಡಬೇಡಿ. ಟ್ಯಾಮಾಕ್ಸಿಫೆನ್, ಲೆಟ್ರೊಜೋಲ್ ಎರಡೂ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ, ಬೆಲೆಗೆ ಸರ್ಕಾರದ ಮಿತಿ ಇದೆ. ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ರಾಯಚೂರು, ಬೀದರ್ ಕಡೆಯಿಂದ ಬೆಂಗಳೂರಿನ ಕಿದ್ವಾಯಿಗೆ ಬರುವವರು ಮುಂದಿನ ಭೇಟಿಯವರೆಗೆ ಸಾಲುವಷ್ಟು ಒಂದೇ ಸಲ ಬರೆಸಿಕೊಳ್ಳಿ, ಮಧ್ಯೆ ಮುಗಿದು ತಿಂಗಳುಗಟ್ಟಲೆ ಬಿಟ್ಟುಹೋಗುವುದು ಬೇಡ. ಒಂದು ದಿನ ಮರೆತರೆ ಮಾರನೇ ದಿನ ಎರಡು ನುಂಗಬೇಡಿ, ಎಂದಿನಂತೆ ಒಂದೇ ಸಾಕು.

ನಾಲ್ಕೂವರೆ ವರ್ಷವಾದಾಗ ಮುಂದುವರಿಸಬೇಕಾ ಅಂತ ಕೇಳಲು ಒಂದು ಭೇಟಿ ಗೊತ್ತು ಮಾಡಿಕೊಳ್ಳಿ. ಟ್ಯಾಮಾಕ್ಸಿಫೆನ್ 5ರ ಬದಲು 10 ವರ್ಷ ತೆಗೆದುಕೊಂಡರೆ ಸಾವು ಇನ್ನೂ ಸ್ವಲ್ಪ ಇಳಿಯುತ್ತದೆ ಅಂತ 2013ರ ಅಟ್ಲಾಸ್ ಪ್ರಯೋಗ ತೋರಿಸಿತು, ಗರ್ಭಕೋಶದ ಅಪಾಯವೂ ಅದರ ಜೊತೆ ಏರುತ್ತದೆ. ಮುಟ್ಟು ನಿಂತವರಲ್ಲಿ 5 ವರ್ಷದ ಮೇಲೆ ಅನಾಸ್ಟ್ರೊಜೋಲ್ ಇನ್ನೂ 2 ವರ್ಷ ಕೊಟ್ಟರೂ 5 ವರ್ಷ ಕೊಟ್ಟರೂ ಫಲ ಒಂದೇ, 5 ವರ್ಷದವರಲ್ಲಿ ಮೂಳೆ ಮುರಿತ ಮಾತ್ರ ಜಾಸ್ತಿ ಅಂತ ಆಸ್ಟ್ರಿಯಾದ ಪ್ರಯೋಗ 2021ರಲ್ಲಿ ಹೇಳಿತು. ಗಂಟಿಗೆ ಹರಡಿರಲಿಲ್ಲ, ಗೆಡ್ಡೆಯೂ ಸಣ್ಣದಿತ್ತು ಅಂದರೆ 5ಕ್ಕೇ ನಿಲ್ಲಿಸಬಹುದಾ ಅಂತ ಕೇಳಿ. ಆವತ್ತೂ ಅದೇ ಹಳೆಯ ಐಎಚ್‌ಸಿ ರಿಪೋರ್ಟ್, ಹೊಸ ಡೆಕ್ಸಾ ಸ್ಕ್ಯಾನ್, ನಿಮ್ಮ ನೋಟ್‌ಬುಕ್ ಮೂರನ್ನೂ ಒಯ್ಯಿರಿ.